ಸ್ವಕಲಿಕೆಯೂ ಶೂನ್ಯಸಂಪಾದನೆಯ ಸಂವಾದಕ್ರಮವೂ

ವಿದ್ಯಾರ್ಥಿಯು ತಾನು ಏನನ್ನು, ಯಾವ ಕ್ರಮದಲ್ಲಿ, ಎಷ್ಟು ವೇಗದಲ್ಲಿ ಕಲಿಯಬೇಕೆಂಬುದನ್ನು ತಕ್ಕಮಟ್ಟಿಗೆ ತಾನೇ ನಿರ್ಣಯಿಸಿಕೊಳ್ಳಬೇಕು, ಅಧ್ಯಾಪಕನು ಅದಕ್ಕೆ ಒತ್ತಾಸೆಯಾಗಿ ನಿಲ್ಲಬೇಕು ಎಂಬ ವಿಚಾರವು ಶಿಕ್ಷಣಕ್ಷೇತ್ರದಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಇದನ್ನು ಸ್ವಕಲಿಕೆಯೆಂದು ಕರೆಯುವುದು ವಾಡಿಕೆ. ಈ ಮಾತನ್ನು ಕೇಳಿದೊಡನೆ ನಮ್ಮ ಸಮಾಜದ ವಿದ್ಯಾವಂತರಲ್ಲಿ ಎರಡು ಬಗೆಯ ಅಭಿಪ್ರಾಯಗಳು ತಲೆದೋರುತ್ತವೆ. ಇದು ಪರದೇಶದಿಂದ ಬಂದ ವಿಚಾರ, ಗುರುವಿಗೆ ಅಗ್ರಸ್ಥಾನವನ್ನಿತ್ತ ನಮ್ಮ ಪರಂಪರೆಗೆ ಒಗ್ಗುವಂತಹುದಲ್ಲವೆಂದು ಕೆಲವರು ತಳ್ಳಿಹಾಕುತ್ತಾರೆ. ಇದೆಲ್ಲವೂ ಹನ್ನೆರಡನೆಯ ಶತಮಾನದಲ್ಲಿಯೇ ಅನುಭವಮಂಟಪದಲ್ಲಿ ನಡೆದುಹೋಗಿದೆ, ಹೊಸದಾಗಿ ಕಲಿಯತಕ್ಕದ್ದೇನೂ ಇಲ್ಲವೆಂದು ಮತ್ತೆ ಕೆಲವರು ತೃಪ್ತಿಪಡುತ್ತಾರೆ. ಈ ಎರಡೂ ಆತುರದ ತೀರ್ಮಾನಗಳೆಂದು ನನ್ನ ನಂಬಿಕೆ. ವಚನಗಳನ್ನು ಪಾಠಹೇಳಿ ಹೊಟ್ಟೆಹೊರೆದ ಒಬ್ಬ ಉಪಾಧ್ಯಾಯನಾಗಿ ಈ ವಿಷಯದಲ್ಲಿ ನಾನು ಕಂಡುಕೊಂಡದ್ದನ್ನೂ, ಎಡವಿದ್ದನ್ನೂ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲಿಗೆ ಗುರುವಿನ ಸ್ಥಾನದ ಬಗೆಗೆ ಒಂದು ಮಾತು. ಅಷ್ಟಾವರಣಗಳಲ್ಲಿ ಗುರುವು ಮೊದಲನೆಯವನು. ಲಿಂಗವನ್ನು ಅನುಗ್ರಹಿಸುವ ದೀಕ್ಷಾಗುರುವಿನ ಸ್ಥಾನವೂ ಗಣಿತ ವ್ಯಾಕರಣಗಳನ್ನು ಕಲಿಸುವ ಶಾಲಾಮಾಸ್ತರನ ಸ್ಥಾನವೂ ಒಂದೇ ಅಲ್ಲ. ಶಾಲೆಯ ಉಪಾಧ್ಯಾಯನು ತನ್ನ ಅಧಿಕಾರವನ್ನು ಸಮರ್ಥಿಸಿಕೊಳ್ಳಲು ದೀಕ್ಷಾಗುರುವಿನ ಮಹಿಮೆಯನ್ನು ಎರವಲು ಪಡೆಯುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ನಾನೂ ಅದನ್ನು ಮಾಡಿದವನೇ. ಅರಿವನ್ನೇ ಗುರುವೆಂದು ಬಗೆದ ಶರಣರ ನಿಲುವನ್ನು ಪಾಠದಲ್ಲಿ ಗಟ್ಟಿದನಿಯಲ್ಲಿ ವಿವರಿಸಿ, ಮರುಗಳಿಗೆಯಲ್ಲೇ ಎದ್ದುನಿಂತು ಸಂಶಯ ಕೇಳಿದ ಹುಡುಗನನ್ನು ಗದರಿಸಿ ಕೂರಿಸುವುದರಲ್ಲಿ ಯಾವ ವಿರೋಧವೂ ನಮಗೆ ತೋರುತ್ತಿರಲಿಲ್ಲ.

ಭಾರತದಲ್ಲಿ ಈ ದಾರಿಯನ್ನು ಪ್ರಯೋಗಕ್ಕೆ ಒಡ್ಡಿದವರು ಹಲವರುಂಟು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಅವರನ್ನು ಇಲ್ಲಿ ನೆನೆಯಬೇಕು. ಅವರು ಸೇರಿದ್ದ ಸಂಸ್ಥೆಯ ಹೆಸರು ದಕ್ಷಿಣಾಮೂರ್ತಿ. ಮೌನದಿಂದಲೇ ಶಿಷ್ಯರ ಸಂಶಯಗಳನ್ನು ಹರಿಸಿದನೆಂದು ಪುರಾಣಗಳು ಹೇಳುವ ಶಿವನ ಹೆಸರು ಒಂದು ಶಾಲೆಗೆ ಅತ್ಯಂತ ಒಪ್ಪುವಂತಹುದು. ಆದರೆ ನಮ್ಮ ನಾಡಿಗೆ ಹತ್ತಿರದ ಉದಾಹರಣೆ ‘ನಲಿ-ಕಲಿ’ಯದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನೊಡನೆ ಇದು ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದಲ್ಲಿರುವ ಋಷಿವ್ಯಾಲಿಯವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳನ್ನು ಕಣ್ಣಾರೆ ಕಂಡುಬಂದ ಉಪಾಧ್ಯಾಯರೇ ಇದನ್ನು ಇಲ್ಲಿಗೆ ಹೊಂದಿಸಿಕೊಂಡರೆಂಬುದು ಗಮನಾರ್ಹ. 2009–10ನೆಯ ಸಾಲಿನಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ವಿಸ್ತರಿಸಿತು.

ನಿವೃತ್ತಿಯ ತರುವಾಯ ನಮ್ಮೂರಿನ ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ಕೆಲವು ದಿನ ನಾನು ಹಿಂದಿನ ಗೋಡೆಗೆ ಒರಗಿ ಕುಳಿತು ಇದನ್ನು ನೋಡಿದ್ದುಂಟು. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ. ಪಾಠವನ್ನೆಲ್ಲ ಸಣ್ಣಸಣ್ಣ ಹಂತಗಳಾಗಿ ಒಡೆದು, ಒಂದೊಂದು ಹಂತಕ್ಕೆ ಒಂದೊಂದು ಕಾರ್ಡು, ಕಾರ್ಡಿನ ಮೂಲೆಯಲ್ಲಿ ಒಂದು ಚಿತ್ರ. ಈ ಹಂತಗಳೆಲ್ಲವನ್ನೂ ಅನುಕ್ರಮವಾಗಿ ತೋರಿಸುವ ‘ಕಲಿಕಾ ಏಣಿ’ ಗೋಡೆಯ ಮೇಲೆ. ಬೆಳಿಗ್ಗೆ ಬಂದ ಮಗು ತಾನು ನಿನ್ನೆ ಯಾವ ಮೆಟ್ಟಿಲಲ್ಲಿ ನಿಂತಿದ್ದೆನೆಂಬುದನ್ನು ಏಣಿಯಲ್ಲಿ ಹುಡುಕಿ, ಮುಂದಿನ ಕಾರ್ಡನ್ನು ತಾನೇ ಎತ್ತಿಕೊಂಡು, ತಕ್ಕ ಗುಂಪಿನಲ್ಲಿ ಹೋಗಿ ಕೂಡುತ್ತದೆ. ಗುಂಪಿಗೆ ಅಲ್ಲಿ ‘ತಟ್ಟೆ’ಯೆಂದು ಹೆಸರು. ಉಪಾಧ್ಯಾಯರ ಪೂರ್ಣ ಬೆಂಬಲದ ತಟ್ಟೆ, ಅವರ ಭಾಗಶಃ ಬೆಂಬಲದ ತಟ್ಟೆ, ಸಹಪಾಠಿಗಳ ಬೆಂಬಲದ ತಟ್ಟೆ, ಕೊನೆಗೆ ಸ್ವಕಲಿಕೆಯ ತಟ್ಟೆ: ಹೀಗೆ ನೆರವು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತದೆ. ಮಕ್ಕಳ ಕೈಗೆ ಎಟಕುವಂತೆ ಗೋಡೆಯ ಕೆಳಭಾಗದಲ್ಲಿಯೇ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳ ಚಿತ್ರಗಳು.

ಇದರ ದೊಡ್ಡ ಗುಣವು ಮೊದಲ ನೋಟಕ್ಕೆ ಕಾಣುವುದಿಲ್ಲ. ಸುಗ್ಗಿಯಲ್ಲಿ ತಂದೆತಾಯಿಗಳೊಡನೆ ಹೊಲಕ್ಕೆ ಹೋಗಿ ಎರಡು ವಾರ ಶಾಲೆ ತಪ್ಪಿಸಿದ ಮಗು ಹಳೆಯ ಪದ್ಧತಿಯಲ್ಲಿ ಎರಡು ವಾರದ ಪಾಠವನ್ನು ಕಳೆದುಕೊಂಡು, ಮುಂದಿನದು ಅರ್ಥವಾಗದೆ, ಕ್ರಮೇಣ ಶಾಲೆಯನ್ನೇ ಬಿಡುತ್ತಿತ್ತು. ಇಲ್ಲಿ ಅದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ‘ಹಿಂದುಳಿದವನು’ ಎಂಬ ಮಾತಿಗೆ ಆ ಕೋಣೆಯಲ್ಲಿ ಅವಕಾಶ ಕಡಿಮೆ. ಮಗುವಿಗೆ ಪುಸ್ತಕವಿಲ್ಲ, ಮನೆಯಲ್ಲಿ ಓದಿಸುವುದೇನನ್ನು ಎಂದು ತಂದೆತಾಯಿಗಳೂ, ಮೂರು ತರಗತಿಗಳ ಐದಾರು ಗುಂಪುಗಳನ್ನು ಒಬ್ಬರೇ ನೋಡಿಕೊಂಡು ದಾಖಲೆಗಳನ್ನೂ ತುಂಬುವುದೆಂತು ಎಂದು ಉಪಾಧ್ಯಾಯರೂ ಹೇಳುವ ಆಕ್ಷೇಪಗಳು ಸುಳ್ಳಲ್ಲ. ಕಾರ್ಡುಗಳು ಹರಿದುಹೋದ ಮೇಲೆ ಏಣಿಯಲ್ಲಿ ಮೆಟ್ಟಿಲುಗಳೇ ತಪ್ಪಿಹೋಗುತ್ತವೆ.

ಆದರೆ ಒಂದು ಮಾತನ್ನು ವಿವೇಚಿಸಬೇಕು. ನಲಿ-ಕಲಿಯಲ್ಲಿ ಮಗುವಿನ ಕೈಯಲ್ಲಿರುವುದು ನಡಿಗೆಯ ವೇಗ, ಹಾದಿಯಲ್ಲ. ಏಣಿಯನ್ನು ಹಿರಿಯರು ಮೊದಲೇ ಕಟ್ಟಿ ನಿಲ್ಲಿಸಿದ್ದಾರೆ. ಅಕ್ಷರ ಅಂಕಿಗಳನ್ನು ಕಲಿಯುವ ವಯಸ್ಸಿಗೆ ಅದು ಹೀಗಿರುವುದೇ ಉಚಿತ. ಅಕ್ಷರ ಬಂದ ಬಳಿಕ, ಓದಿದ್ದನ್ನು ಕುರಿತು ಪ್ರಶ್ನೆ ಹುಟ್ಟುವ ವಯಸ್ಸಿನಲ್ಲಿ ಏನಾಗಬೇಕು? ಅಲ್ಲಿ ಕಲಿಕೆಯನ್ನು ಮುನ್ನಡೆಸುವುದು ಕಾರ್ಡಲ್ಲ, ಪ್ರಶ್ನೆ. ಆ ಪ್ರಶ್ನೆ ಯಾರದಾಗಿರಬೇಕು ಎಂಬುದರಲ್ಲಿ ಎಲ್ಲವೂ ಅಡಗಿದೆ. ನಮ್ಮ ಪ್ರೌಢಶಾಲೆಗಳಲ್ಲಿ ಪ್ರಶ್ನೆಗಳು ಪಾಠದ ಕೊನೆಯಲ್ಲಿ ಅಚ್ಚಾಗಿಯೇ ಬಂದಿರುತ್ತವೆ. ಉತ್ತರಗಳು ಗೈಡಿನಲ್ಲಿ ಅಚ್ಚಾಗಿರುತ್ತವೆ. ವಿದ್ಯಾರ್ಥಿಯು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಕೂಲಿಯಷ್ಟೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಶೂನ್ಯಸಂಪಾದನೆಯನ್ನು ತೆರೆದು ನೋಡಬಹುದು. ಶೂನ್ಯಸಂಪಾದನೆಗಳು ಹನ್ನೆರಡನೆಯ ಶತಮಾನದ ಗೋಷ್ಠಿಗಳ ವರದಿಗಳಲ್ಲವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಶರಣರ ವಚನಗಳನ್ನು ಎರಡು ಮೂರು ಶತಮಾನಗಳ ಅನಂತರ ಸಂವಾದದ ರೂಪದಲ್ಲಿ ಜೋಡಿಸಿದ ಕೃತಿಗಳು ಅವು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಇದನ್ನು ಸಂಕಲಿಸಿದನು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರ ಬೆನ್ನಿಗೆ ಒಬ್ಬರು ಅದನ್ನು ಪರಿಷ್ಕರಿಸಿದರು. ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯ ಪ್ರಸಂಗವಿಲ್ಲ; ಹಲಗೆಯಾರ್ಯನು ಅದನ್ನು ಒಪ್ಪದೆ ಆ ಪ್ರಸಂಗವನ್ನು ಸೇರಿಸಿದನು. ಆ ವಿವಾದದ ಗುಣದೋಷಗಳು ಇಲ್ಲಿ ಅಪ್ರಸ್ತುತ. ಹಿರಿಯನ ಗ್ರಂಥವನ್ನು ಓದಿದ ಕಿರಿಯನು ಅದನ್ನು ಬರಿದೆ ಪ್ರತಿಮಾಡದೆ, ಇಲ್ಲಿ ನನಗೆ ಸಂಶಯವಿದೆಯೆಂದು ಹೇಳಿ ಮತ್ತೆ ಕಟ್ಟಿದನೆಂಬುದು ನಮ್ಮ ವಿಷಯಕ್ಕೆ ಬೇಕಾದ ಸಂಗತಿ.

ಕೃತಿಯೊಳಗಿನ ಸಂವಾದಗಳಲ್ಲಿ ಮುಕ್ತಾಯಕ್ಕನ ಪ್ರಸಂಗವು ಉಪಾಧ್ಯಾಯರಾದವರು ಮತ್ತೆ ಮತ್ತೆ ಓದತಕ್ಕದ್ದು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ಲಿಂಗೈಕ್ಯನಾಗಿದ್ದಾನೆ, ಮುಕ್ತಾಯಕ್ಕನು ಶೋಕದಲ್ಲಿದ್ದಾಳೆ. ಅಲ್ಲಿಗೆ ಬಂದ ಅಲ್ಲಮಪ್ರಭುವು ಅವಳಿಗೆ ಉಪದೇಶವನ್ನು ಆರಂಭಿಸುವುದಿಲ್ಲ. ನೀನಾರು, ಯಾರಿಗಾಗಿ ಅಳುತ್ತಿರುವೆಯೆಂದು ಕೇಳುತ್ತಾನೆ. ಮುಂದೆ ಅವನು ಹೇಳಿದ ಮಾತುಗಳನ್ನು ಅವಳು ತಲೆಬಾಗಿ ಸ್ವೀಕರಿಸಿಬಿಡುವುದೂ ಇಲ್ಲ. ನಿಜವನ್ನು ಅರಿತವನಿಗೆ ಮಾತು ಉಳಿದಿರುವುದೆಂತು, ಇಷ್ಟು ಮಾತನಾಡುವ ನೀನು ನಿಲುಗಡೆಯನ್ನು ಮುಟ್ಟಿದವನು ಹೌದೆ ಎಂಬ ಅರ್ಥದಲ್ಲಿ ಅವನನ್ನೇ ಪ್ರಶ್ನಿಸುತ್ತಾಳೆ. ಪ್ರಭುವು ಕೆರಳುವುದಿಲ್ಲ, ಅವಳ ಪ್ರಶ್ನೆಯನ್ನು ತನ್ನ ಮೇಲೆ ಹಾಕಿಕೊಂಡು ಉತ್ತರಿಸುತ್ತಾನೆ. ಸಂವಾದವು ದೀರ್ಘವಾಗುತ್ತದೆ. ಅವಳ ಸಂಶಯವು ಹರಿಯುವ ತನಕ ಅವನು ಅಲ್ಲಿಂದ ಕದಲುವುದಿಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗಲೂ ಇದೇ ರೀತಿ. ಬಟ್ಟೆಯನ್ನು ತೊರೆದವಳು ಕೂದಲನ್ನು ಮರೆಮಾಡಿಕೊಂಡಿರುವುದೇಕೆಂಬ ಪ್ರಭುವಿನ ಪ್ರಶ್ನೆ ಕಠೋರವೇ ಸರಿ. ಆದರೆ ಆ ಪ್ರಶ್ನೆ ಅವಳು ತಾನಾಗಿಯೇ ಆರಿಸಿಕೊಂಡ ಹಾದಿಯನ್ನು ಕುರಿತದ್ದು. ಬೇರೊಂದು ಹಾದಿಗೆ ಅವಳನ್ನು ಎಳೆಯುವಂತಹುದಲ್ಲ.

ಇದರಿಂದ ನಾನು ತಿಳಿದದ್ದಿಷ್ಟು. ಕಲಿಯುವವನಿಗೆ ತನ್ನ ಹಾದಿಯನ್ನು ಬಿಟ್ಟುಕೊಡುವುದೆಂದರೆ ಅವನನ್ನು ಅವನ ಪಾಡಿಗೆ ಬಿಟ್ಟುಬಿಡುವುದಲ್ಲ. ಹಾದಿ ಅವನದು, ಆ ಹಾದಿಯಲ್ಲಿ ಅವನು ಇಟ್ಟ ಪ್ರತಿಯೊಂದು ಹೆಜ್ಜೆಯನ್ನೂ ಪರೀಕ್ಷಿಸುವ ಹೊಣೆ ಕಲಿಸುವವನದು. ಕಲಿಸುವವನು ತಾನೂ ಪರೀಕ್ಷೆಗೆ ಒಳಗಾಗಲು ಒಪ್ಪಿದಾಗ ಮಾತ್ರ ಈ ಹೊಣೆಯನ್ನು ಹೊರುವ ಅಧಿಕಾರ ಅವನಿಗೆ ಬರುತ್ತದೆ. ಹೋಲಿಕೆಗೆ ಮಿತಿಯೂ ಉಂಟೆಂಬುದನ್ನು ಮರೆಯಬಾರದು. ಮುಕ್ತಾಯಕ್ಕನೂ ಮಹಾದೇವಿಯಕ್ಕನೂ ತಮ್ಮ ಬದುಕನ್ನೇ ಪಣವಾಗಿಟ್ಟು ಬಂದ ಪ್ರಬುದ್ಧರು. ಒಂಬತ್ತನೆಯ ತರಗತಿಯ ಹುಡುಗರು ಗಂಟೆ ಬಾರಿಸಿದ್ದಕ್ಕಾಗಿ ಬಂದು ಕುಳಿತವರು. ಪ್ರಭುವಿನ ಕಾಠಿಣ್ಯವನ್ನು ಅವರ ಮೇಲೆ ಪ್ರಯೋಗಿಸಹೊರಟ ಮಾಸ್ತರನು ಪ್ರಭುವಾಗುವುದಿಲ್ಲ, ಮೊದಲಿನ ಗದರಿಸುವ ಮಾಸ್ತರನೇ ಆಗಿ ಉಳಿಯುತ್ತಾನೆ.

ಇಷ್ಟನ್ನು ಈಗ ಬರೆಯುವುದು ಸುಲಭ. ನಾನು ಸೇವೆಯಲ್ಲಿದ್ದಾಗ ನಡೆದದ್ದು ಬೇರೆ. ಆಗ ನಾನು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದೆ. ವಚನಗಳ ಪಾಠವನ್ನು ಪದವಿಭಾಗ, ಶಬ್ದಾರ್ಥ, ಭಾವಾರ್ಥ, ಟಿಪ್ಪಣಿ ಎಂಬ ಕ್ರಮದಲ್ಲಿ ಅನೇಕ ವರ್ಷ ಹೇಳಿ ಬೇಸತ್ತು, ಒಂದು ವರ್ಷ ಬೇರೆ ಬಗೆಯಲ್ಲಿ ನಡೆಸಿ ನೋಡೋಣವೆಂದುಕೊಂಡೆ. ಹಲವು ಶರಣರ ವಚನಗಳನ್ನು ಚೀಟಿಗಳಲ್ಲಿ ಬರೆಸಿ ಮೇಜಿನ ಮೇಲಿಟ್ಟು, ಇಷ್ಟವಾದದ್ದನ್ನು ಆರಿಸಿಕೊಂಡು ನೀವೇ ಓದಿ, ನೀವೇ ಅರ್ಥಮಾಡಿಕೊಂಡು ಬಂದು ಹೇಳಿ ಎಂದೆ. ಫಲಿತಾಂಶವು ನಾಚಿಕೆಪಡುವಂತಿತ್ತು. ಮುಂದಿನ ಬೆಂಚಿನ ಐದಾರು ಮಂದಿ ಮಾತ್ರ ಮಾತನಾಡಿದರು. ಅವರೂ ಗೈಡಿನ ಭಾಷೆಯಲ್ಲಿಯೇ. ಸರಾಗವಾಗಿ ಓದಲು ಬಾರದವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಸ್ವಾತಂತ್ರ್ಯವನ್ನು ಕೊಟ್ಟೆನೆಂದು ನಾನು ಬೀಗುತ್ತಿದ್ದೆ; ಅದು ದಕ್ಕಿದ್ದು ಮೊದಲೇ ಬಲವುಳ್ಳವರಿಗೆ ಮಾತ್ರ.

ಅದರ ನಡುವೆಯೇ ಒಂದು ದಿನ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದುನಿಂತಳು. ಅವಳ ಕೈಗೆ ಬಂದಿದ್ದ ಚೀಟಿ ಆಯ್ದಕ್ಕಿ ಲಕ್ಕಮ್ಮನದು. ಕಥೆ ಓದುಗರಿಗೆ ಪರಿಚಿತವೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ಹೇಳಿ ಲಕ್ಕಮ್ಮನು ಅದನ್ನು ತಂದಲ್ಲಿಗೇ ಮರಳಿ ಸುರಿದು ಬರುವಂತೆ ಗಂಡನನ್ನು ಕಳುಹಿಸುತ್ತಾಳೆ. ಆ ಹುಡುಗಿ ಕೇಳಿದ್ದು ಹೀಗೆ: “ಸರ, ಹೆಚ್ಚಿಗಿ ತಂದಿದ್ದು ತಪ್ಪ ಹೆಂಗ ಆಗತದರಿ? ನಮ್ಮವ್ವ ಮಾರ್ಕೆಟ್ಟಿನ್ಯಾಗ ಬಿದ್ದ ಜ್ವಾಳಾ ಉಡಗಿ ತರ್ತಾಳ. ಹೆಚ್ಚಿಗಿ ಸಿಕ್ಕ ದಿನಾ ನಮ್ಮ ಮನ್ಯಾಗ ಹಬ್ಬ ಇದ್ದಂಗ.”

ಒಂದಿಬ್ಬರು ನಕ್ಕರು. ಇಷ್ಟು ವರ್ಷಗಳ ಬೋಧನೆಯಲ್ಲಿ ಆ ವಚನಕ್ಕೆ ಇದಕ್ಕಿಂತ ಹತ್ತಿರ ಬಂದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಆದರೆ ಅದನ್ನು ನಾನು ಆಗ ಅರಿಯಲಿಲ್ಲ. ಕಾಯಕ, ದಾಸೋಹ, ಅಸಂಗ್ರಹ ಎಂದು ಕಂಠಪಾಠವಾಗಿದ್ದ ಟಿಪ್ಪಣಿಯನ್ನು ಸೊಗಸಾಗಿ ಒಪ್ಪಿಸಿ, ಅತಿಯಾಸೆ ಪಡಬಾರದಮ್ಮಾ ಎಂದು ಮುಗಿಸಿದೆ. ದಿನದ ಊಟಕ್ಕೆ ಬಿದ್ದ ಕಾಳನ್ನು ಉಡುಗುವ ತಾಯಿಯ ಮಗಳಿಗೆ, ತಿಂಗಳ ಸಂಬಳದ ಮಾಸ್ತರನು ಅತಿಯಾಸೆಯ ಪಾಠ ಹೇಳಿದ್ದನು. ಅವಳು ಸುಮ್ಮನೆ ಕುಳಿತಳು. ಆ ಅರ್ಧವರ್ಷದಲ್ಲಿ ಮತ್ತೆ ಏಳಲಿಲ್ಲ.

ಪ್ರಶ್ನೆಯನ್ನು ಅವಳಿಗೆ ಬಿಟ್ಟುಕೊಟ್ಟು, ಉತ್ತರವನ್ನು ನಾನೇ ಕಸಿದುಕೊಂಡಿದ್ದೆನೆಂಬುದು ಹೊಳೆಯಲು ಹಲವು ದಿನಗಳು ಹಿಡಿದವು. ಒಂದು ದಿನ ತರಗತಿಯಲ್ಲಿ, ಆ ಪ್ರಶ್ನೆಗೆ ನಾನು ಕೊಟ್ಟದ್ದು ಉತ್ತರವೇ ಅಲ್ಲ, ಎಲ್ಲರೂ ಮತ್ತೆ ಓದೋಣ ಎಂದು ಹೇಳಿದೆ. ಹಾಗೆ ಹೇಳುವಾಗ ನನ್ನ ಧ್ವನಿ ಅಷ್ಟೊಂದು ಗಟ್ಟಿಯಾಗಿರಲಿಲ್ಲ. ಅವಳು ತಲೆ ಎತ್ತಲಿಲ್ಲ. ಆದರೆ ಬೇರೊಬ್ಬ ಹುಡುಗನು, ಹಿಂದಕ್ಕೆ ಕೊಡೆಂದು ಹೇಳಿದವರು ಯಾರು, ಬಸವಣ್ಣನೇ, ಲಕ್ಕಮ್ಮನೇ ಎಂದು ಕೇಳಿದನು. ಲಕ್ಕಮ್ಮ. ಅವಳು ಉಳ್ಳವಳೋ ಇಲ್ಲದವಳೋ? ಇಲ್ಲದವಳು. ಬಸವಣ್ಣನವರು ಏನಾದರೂ ಹೇಳಿದರೇ? ಅಂಗಳದ ಒಡೆಯನಾದ ಬಸವಣ್ಣನು ಮಾರಯ್ಯನಿಗೆ ಅದನ್ನು ಹೇಳಿದ್ದಿಲ್ಲ. ಸಾಕೆನ್ನುವ ಮಾತು ಬಂದದ್ದು ಹಸಿವನ್ನು ಕಂಡ ಮನೆಯ ಒಳಗಿನಿಂದ, ಹೆಂಡತಿಯ ಬಾಯಿಂದ; ಹೊರಗಿನ ಯಾವ ದೊಡ್ಡವರಿಂದಲೂ ಅಲ್ಲ. ಅದೇ ಮಾತನ್ನು ಹೊಟ್ಟೆ ತುಂಬಿದವನು ಹೇಳಿದರೆ ಅದರ ಅರ್ಥವೇ ಕೆಟ್ಟುಹೋಗುತ್ತದೆ. ಇದನ್ನು ನಾನು ಮಕ್ಕಳಿಗೆ ಕಲಿಸಲಿಲ್ಲ. ಅವರೊಡನೆ ಕುಳಿತು ಮೊದಲ ಬಾರಿಗೆ ಕಂಡೆ. ಗುರುವಾಗಿ ಗಂಡನೂ ಶಿಷ್ಯೆಯಾಗಿ ಹೆಂಡತಿಯೂ ಇರಬೇಕೆಂದು ಲೋಕವು ಎಣಿಸುವ ಕಡೆ, ಅರಿವಿನ ಎಚ್ಚರವು ಲಕ್ಕಮ್ಮನಲ್ಲಿದ್ದುದರಿಂದ ಮಾರಯ್ಯನು ಅವಳ ಮಾತನ್ನು ಕೇಳಿದನೆಂಬುದನ್ನು ಸಹ ಅಂದೇ ಒಬ್ಬರು ಎತ್ತಿ ತೋರಿಸಿದರು.

ಆಮೇಲಿನ ವರ್ಷಗಳಲ್ಲಿ ಕ್ರಮವನ್ನು ಬದಲಿಸಿದೆ. ವಾರಕ್ಕೆ ಒಂದೇ ಅವಧಿ, ಶನಿವಾರ ಬೆಳಗಿನದು. ಚೀಟಿಯನ್ನು ಮೊದಲು ಇಬ್ಬಿಬ್ಬರು ಕೂಡಿ ಗಟ್ಟಿಯಾಗಿ ಓದಬೇಕು. ಒಬ್ಬನಿಗೆ ಓದಲು ಕಷ್ಟವಾದರೆ ಇನ್ನೊಬ್ಬನು ಓದಿ ಅವನಿಂದ ಹೇಳಿಸಬೇಕು. ಪ್ರತಿಯೊಬ್ಬರೂ ತಮ್ಮ ಒಂದು ಪ್ರಶ್ನೆಯನ್ನು ತರಗತಿಗೆಂದೇ ಇಟ್ಟಿದ್ದ ನೋಟುಪುಸ್ತಕದಲ್ಲಿ ಬರೆಯಬೇಕು. ಹೆಸರು ಬರೆಯುವುದು ಅವರಿಷ್ಟ. ಬರೆಯುವ ಅವಕಾಶ ಒದಗಿದ ಮೇಲೆ, ಎದ್ದುನಿಂತು ಕೇಳಲಾರದವರ ಪ್ರಶ್ನೆಗಳೇ ಹೆಚ್ಚು ಬಂದವು. ಅಂದೇ ಉತ್ತರಿಸುವುದನ್ನು ನಾನು ನನಗೆ ನಿಷೇಧಿಸಿಕೊಂಡೆ. ಈ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದು ಮಾಸ್ತರನ ಸ್ವಭಾವಕ್ಕೆ ವಿರುದ್ಧ. ಮುಂದಿನ ಶನಿವಾರ ಪ್ರಶ್ನೆ ಬರೆದವರು ವಚನದ ಯಾವ ಶಬ್ದದಿಂದ ಆ ಪ್ರಶ್ನೆ ಹುಟ್ಟಿತೆಂದು ತೋರಿಸಬೇಕು, ಉಳಿದವರು ಅವರನ್ನು ಕೇಳಬೇಕು. ನಾನೂ ಕೇಳುತ್ತಿದ್ದೆ, ಸಡಿಲವಾದ ಮಾತನ್ನು ಹಾಗೆಯೇ ಬಿಡುತ್ತಿರಲಿಲ್ಲ. ಅವರು ನನ್ನನ್ನು ಕೇಳಿದಾಗ ತಿಳಿಯದಿದ್ದರೆ, ವಚನಸಂಪುಟಗಳನ್ನು ನೋಡಿಬಂದು ಹೇಳುತ್ತೇನೆಂದು ಒಪ್ಪಿಕೊಳ್ಳುತ್ತಿದ್ದೆ. ಮೊದಮೊದಲು ಹಾಗೆ ಒಪ್ಪಿಕೊಂಡಾಗ ತರಗತಿಯ ಶಿಸ್ತು ಹಾಳಾಗುವುದೆಂಬ ಅಂಜಿಕೆಯಿತ್ತು. ಹಾಳಾಗಲಿಲ್ಲ. ಗದ್ದಲವಂತೂ ಹೆಚ್ಚಾಯಿತು, ಪಕ್ಕದ ಕೋಣೆಯ ಗಣಿತದ ಮಾಸ್ತರರು ಬಾಗಿಲಿಗೆ ಬಂದು ನಿಂತದ್ದೂ ಉಂಟು.

ಇದರಿಂದ ಪರೀಕ್ಷೆಯ ಅಂಕಗಳು ಏರಿದವೆಂದು ನಾನು ಹೇಳಲಾರೆ. ಇಳಿಯಲಿಲ್ಲ ಎಂಬಷ್ಟನ್ನು ಹೇಳಬಲ್ಲೆ. ಉಳಿದ ಅವಧಿಗಳಲ್ಲಿ ಶಬ್ದಾರ್ಥ, ವ್ಯಾಕರಣ, ಛಂದಸ್ಸುಗಳನ್ನು ಹಳೆಯ ರೀತಿಯಲ್ಲಿಯೇ ಹೇಳುತ್ತಿದ್ದೆ, ಏಕೆಂದರೆ ಹಳಗನ್ನಡ ನಡುಗನ್ನಡಗಳ ಶಬ್ದವೊಂದರ ಅರ್ಥ ತಿಳಿಯದೆ ಅದನ್ನು ಕುರಿತು ಪ್ರಶ್ನಿಸುವುದು ಸಾಧ್ಯವಿಲ್ಲ. ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ‘ಬಯಲು’ ಎಂಬ ಶಬ್ದಕ್ಕೆ ಊರ ಹೊರಗಿನ ಬಯಲೆಂದಷ್ಟೇ ತಿಳಿದ ಹುಡುಗನು ಎಷ್ಟು ಸ್ವತಂತ್ರನಾಗಿದ್ದರೂ ಅಲ್ಲಮನ ವಚನದ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹತ್ತನೆಯ ತರಗತಿಯಲ್ಲಿ ಈ ಶನಿವಾರಗಳನ್ನು ನಡೆಸುವ ಧೈರ್ಯ ನನಗೆ ಬರಲಿಲ್ಲ. ಸಾರ್ವಜನಿಕ ಪರೀಕ್ಷೆಯ ಭಯ ಮಕ್ಕಳಿಗಿಂತ ನನಗೇ ಹೆಚ್ಚಾಗಿತ್ತು. ಕೆಲವು ಮಕ್ಕಳಿಗೆ ಇಡೀ ವರ್ಷ ಒಂದೂ ಪ್ರಶ್ನೆ ಹುಟ್ಟಲಿಲ್ಲ. ಅವರನ್ನು ನಾನು ತಲುಪಲಿಲ್ಲವೆಂದೇ ತಿಳಿಯಬೇಕು.

ಆಯ್ದಕ್ಕಿ ಲಕ್ಕಮ್ಮನ ಚೀಟಿ ಹಿಡಿದಿದ್ದ ಆ ಹುಡುಗಿಯು ವರ್ಷದ ಕೊನೆಯಲ್ಲಿ ಒಂದು ಕಾಗದದ ಚೂರನ್ನು ನನ್ನ ಮೇಜಿನ ಮೇಲೆ ಇಟ್ಟುಹೋದಳು. ಅದನ್ನು ನಾನು ಮರುವರ್ಷದ ನೋಟುಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದೆ. ಮಾರಯ್ಯನು ಮರಳಿ ಸುರಿದು ಬಂದ ಅಕ್ಕಿಯನ್ನು ಆಮೇಲೆ ಯಾರು ಆಯ್ದುಕೊಂಡರು ಎಂಬುದು ಅವಳ ಪ್ರಶ್ನೆ. ಪ್ರತಿವರ್ಷವೂ ಹೊಸ ತರಗತಿಯ ಮಕ್ಕಳು ಅದನ್ನು ಓದಿದರು, ತಮ್ಮೊಳಗೆ ವಾದಿಸಿದರು. ಇನ್ನೂ ಹಸಿದ ಮತ್ತೊಬ್ಬರು ಆಯ್ದುಕೊಂಡಿರಬೇಕೆಂದು ಕೆಲವರು, ಹಕ್ಕಿಗಳು ತಿಂದವೆಂದು ಕೆಲವರು, ಯಾರೂ ಮುಟ್ಟಲಿಲ್ಲವೆಂದು ಒಬ್ಬನು. ಅದರ ಕೆಳಗೆ ಉತ್ತರವೆಂದು ನಾನು ಏನನ್ನೂ ಬರೆದಿಲ್ಲ.